ಹಳೆ ಬಟ್ಟೆ ಬಿಸಾಡುವ ಮುಂಚೆ ಒಂದು ಹೊಲಿಗೆ ಬಿಚ್ಚಿ ನೋಡಿ

ಹಳೆ ಅಂಗಿ ಒಂದನ್ನು ಒಳಮಗ್ಗುಲು ತಿರುವಿ ಬೆಳಕಿಗೆ ಹಿಡಿಯಿರಿ. ಕತ್ತಿನ ಹತ್ತಿರ ಕಾಲರ್ ಸವೆದಿರುತ್ತದೆ, ಮೊಣಕೈ ತೆಳ್ಳಗಾಗಿರುತ್ತದೆ, ಕಂಕುಳಲ್ಲಿ ಬಣ್ಣ ಹೋಗಿರುತ್ತದೆ. ಅಷ್ಟೇ. ಬೆನ್ನಿನ ಭಾಗ ಕೊಂಡ ದಿನ ಹೇಗಿತ್ತೋ ಹಾಗೇ ಇದೆ. ಗುಂಡಿ ಪಟ್ಟಿ ಗಟ್ಟಿಯಾಗಿದೆ. ಜೇಬಿಗೆ ಏನೂ ಆಗಿಲ್ಲ. ಕೆಳಗಿನ ಅಂಚಿನಲ್ಲಿ ಒಂದು ಎಳೆಯೂ ಬಿಟ್ಟಿಲ್ಲ. ನಾವು "ಹಾಳಾಯ್ತು" ಅಂತ ಬದಿಗೆ ಹಾಕುವ ಬಟ್ಟೆಯಲ್ಲಿ ನಿಜಕ್ಕೂ ಹಾಳಾಗಿರುವುದು ಅಂಗೈಯಗಲದ ಎರಡು ಮೂರು ಜಾಗ ಮಾತ್ರ.

ಹಳೆ ಬಟ್ಟೆಯಿಂದ ಹೊಸದೇನಾದರೂ ಮಾಡುವುದು ಅಂದರೆ ಎಲ್ಲವನ್ನೂ ತುಂಡು ತುಂಡು ಮಾಡಿ ಮೊದಲಿಂದ ಶುರು ಮಾಡುವುದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೊಲಿಗೆಯಲ್ಲಿ ಕಷ್ಟದ ಕೆಲಸ ಯಾವುದು ಹೇಳಿ? ಕಾಜಾ ಮಾಡುವುದು, ಗುಂಡಿ ಪಟ್ಟಿ ಕೂರಿಸುವುದು, ಜಿಪ್ ಹಾಕುವುದು, ಅಂಚನ್ನು ನೇರವಾಗಿ ಮಡಿಸಿ ಹೊಲಿಯುವುದು. ಇವೆಲ್ಲ ಹಳೆ ಬಟ್ಟೆಯಲ್ಲಿ ಮೊದಲೇ ಆಗಿವೆ, ಅದೂ ಪಳಗಿದ ಕೈಗಳಿಂದ. ಆ ಕೆಲಸವನ್ನು ಹಾಗೇ ಉಳಿಸಿಕೊಂಡು, ಹೊಸ ವಸ್ತುವನ್ನು ಅದರ ಸುತ್ತ ಕೂರಿಸುವುದೇ ಇಲ್ಲಿನ ಆಟ. ತಲೆ ಓಡಿಸಬೇಕಾದದ್ದೂ ಮಜಾ ಬರುವುದೂ ಅಲ್ಲೇ. ಹೊಸ ಬಟ್ಟೆ ಎದುರಿಗಿದ್ದರೆ ಏನು ಬೇಕಾದರೂ ಮಾಡಬಹುದು, ಅದಕ್ಕೇ ಏನು ಮಾಡಬೇಕೆಂದು ಹೊಳೆಯುವುದಿಲ್ಲ. ಹಳೆ ಅಂಗಿ "ನನ್ನಲ್ಲಿ ಇರೋದು ಇಷ್ಟೇ" ಅನ್ನುತ್ತದೆ. ಆಗ ಐಡಿಯಾ ತಾನಾಗಿ ಬರುತ್ತದೆ.

ಯಾವುದನ್ನು ಇಟ್ಟುಕೊಳ್ಳಬೇಕು

ಮೊದಲು ಒಗೆದು ಒಣಗಿಸಿ. ಕೊಳೆ ಇರುವ ಬಟ್ಟೆಯ ಮೇಲೆ ಇಸ್ತ್ರಿ ಮಾಡಿದರೆ ಕಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಕಿಟಕಿ ಹತ್ತಿರ ಹಿಡಿದು ನೋಡಿ. ಬೆಳಕು ಎಲ್ಲಿ ಜಾಸ್ತಿ ತೂರಿ ಬರುತ್ತದೋ ಅಲ್ಲಿ ಬಟ್ಟೆ ಸೋತಿದೆ. ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗೀಟು ಹಾಕಿ. ನಂತರ ಉದ್ದಕ್ಕೂ ಅಡ್ಡಕ್ಕೂ ಎರಡು ಕೈಯಲ್ಲಿ ಹಿಡಿದು ಚೆನ್ನಾಗಿ ಎಳೆಯಿರಿ. ಪರ್ ಅಂತ ಶಬ್ದ ಬಂದರೆ ಆ ಬಟ್ಟೆ ಒರೆಸಲಿಕ್ಕೆ ಮಾತ್ರ ಲಾಯಕ್ಕು. ಅದರ ಮೇಲೆ ಶ್ರಮ ಹಾಕಬೇಡಿ.

ಬಟ್ಟೆ ಯಾವ ನೂಲಿನದು ಅಂತ ತಿಳಿಯುವುದು ಒಳ್ಳೆಯದು. ಒಳಗಿನ ಚೀಟಿ ಹರಿದುಹೋಗಿದ್ದರೆ ಸುಟ್ಟು ನೋಡಬಹುದು. ಸೀಮ್ (ಎರಡು ತುಂಡು ಸೇರುವ ಹೊಲಿಗೆ) ಒಳಗಿನ ಬಟ್ಟೆಯಂಚಿನಿಂದ ಎರಡು ಎಳೆ ತೆಗೆದು, ಚಿಮುಟದಲ್ಲಿ ಹಿಡಿದು, ನೀರಿನ ಸಿಂಕ್ ಮೇಲೆ ಬೆಂಕಿ ತೋರಿಸಿ. ಹತ್ತಿ ಮತ್ತು ಲಿನನ್ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತವೆ. ಉಣ್ಣೆ ಮತ್ತು ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತವೆ. ಪಾಲಿಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಇದು ಇಸ್ತ್ರಿ ಎಷ್ಟು ಬಿಸಿ ಇರಬೇಕು ಅನ್ನುವುದಕ್ಕೆ ಬೇಕು. ಬಣ್ಣ ಹಾಕುವ ಆಸೆಯಿದ್ದರೂ ಬೇಕು. ಮನೆಯಲ್ಲಿ ಹತ್ತಿಗೆ ಹಾಕುವ ಬಣ್ಣ ಪಾಲಿಸ್ಟರ್‌ಗೆ ಹಿಡಿಯುವುದಿಲ್ಲ. ಹತ್ತಿ ಅಂಗಿಯಾದರೂ ಹೊಲಿದ ದಾರ ಬಹುಪಾಲು ಪಾಲಿಸ್ಟರ್ ಆಗಿರುತ್ತದೆ. ಬಿಳಿ ಅಂಗಿಯನ್ನು ನೀಲಿ ಬಣ್ಣದಲ್ಲಿ ಅದ್ದಿದರೆ ಹೊಲಿಗೆಗಳು ಬಿಳಿಯಾಗಿಯೇ ಉಳಿಯುತ್ತವೆ. ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಮೊದಲೇ ಗೊತ್ತಿರಲಿ.

ಸಾಮಾನು

ಜಾಸ್ತಿ ಏನೂ ಬೇಡ. ಬಟ್ಟೆಗೆ ಮಾತ್ರ ಬಳಸುವ ಒಂದು ಹರಿತ ಕತ್ತರಿ (ಅದರಲ್ಲಿ ಕಾಗದ ಕತ್ತರಿಸಿದವರ ಜೊತೆ ಮಾತು ಬಿಟ್ಟರೂ ತಪ್ಪಿಲ್ಲ), ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್, ಗುಂಡುಪಿನ್ನು, ಅಳತೆ ಟೇಪು, ಸೀಮೆಸುಣ್ಣ, ಇಸ್ತ್ರಿಪೆಟ್ಟಿಗೆ, ಒಳ್ಳೆಯ ದಾರ. ಮಷಿನ್ ಇದ್ದರೆ ಬೇಗ ಆಗುತ್ತದೆ, ಇಲ್ಲದಿದ್ದರೆ ಏನೂ ನಿಲ್ಲುವುದಿಲ್ಲ. ಕೈಯಲ್ಲಿ ಹೊಲಿಯುವವರು ಭಾರ ಬೀಳುವ ಕಡೆ ಒಂದು ಹೆಜ್ಜೆ ಹಿಂದೆ ಬಂದು ಮುಂದೆ ಹೋಗುವ ಹಿಂಹೊಲಿಗೆ ಹಾಕಬೇಕು. ದಾರವನ್ನು ಬೆರಳ ತುದಿಯಿಂದ ಮೊಣಕೈವರೆಗಿನಷ್ಟು, ಅಂದರೆ ಸುಮಾರು 45 ಸೆಂ.ಮೀ. ಮಾತ್ರ ಕತ್ತರಿಸಿಕೊಳ್ಳಿ. ಉದ್ದ ದಾರ ಪೋಣಿಸಿದರೆ ಸಮಯ ಉಳಿಯುವುದಿಲ್ಲ, ಗಂಟು ಬಿಡಿಸುವುದರಲ್ಲೇ ಹೋಗುತ್ತದೆ.

ಮಷಿನ್ ಸೂಜಿಯ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಪ್ಯಾಕೆಟ್ ಮೇಲೆ 80/12, 100/16 ಅಂತ ಬರೆದಿರುತ್ತದೆ. ಮೊದಲ ಸಂಖ್ಯೆ ಸೂಜಿಯ ದಪ್ಪ. 80 ಅಂದರೆ 0.8 ಮಿ.ಮೀ., 100 ಅಂದರೆ 1 ಮಿ.ಮೀ. ಅಂಗಿ ಬಟ್ಟೆಗೆ 70 ಅಥವಾ 80 ಸಾಕು, ಜೀನ್ಸ್‌ಗೆ 100 ಬೇಕು. ಟಿ-ಶರ್ಟ್‌ನಂಥ ಹೆಣೆದ ಬಟ್ಟೆಗೆ ತುದಿ ಸ್ವಲ್ಪ ಗುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಹಾಕಿ. ಅದು ಎಳೆಯನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ ಒಳಗೆ ಹೋಗುತ್ತದೆ. ಚೂಪು ಸೂಜಿ ಹಾಕಿದರೆ ಎರಡು ಸಲ ಒಗೆಯುವಷ್ಟರಲ್ಲಿ ಹೊಲಿಗೆಯ ಉದ್ದಕ್ಕೂ ಸಣ್ಣ ತೂತುಗಳು ಬೀಳಬಹುದು.

ಇನ್ನೊಂದು ಮಾತು. ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟಿಕೊಂಡರೆ ಎಲ್ಲರೂ ಬಾಬಿನ್ (ಅಡಿಯ ದಾರ ಸುತ್ತಿದ ಪುಟ್ಟ ಉರುಳೆ) ಬಿಚ್ಚಲು ಶುರು ಮಾಡುತ್ತಾರೆ. ತಪ್ಪಿರುವುದು ಬಹುತೇಕ ಸಲ ಮೇಲಿನ ದಾರದಲ್ಲಿ. ಮಷಿನ್‌ನ ಪಾದ (ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ) ಮೇಲಕ್ಕೆತ್ತಿ ಮತ್ತೊಮ್ಮೆ ದಾರ ಪೋಣಿಸಿ. ಪಾದ ಮೇಲಿದ್ದಾಗ ಮಾತ್ರ ದಾರವನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳು ಬಿಚ್ಚಿಕೊಂಡು ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ.

ಬಿಚ್ಚುವುದು ಮೊದಲು, ಕತ್ತರಿ ಆಮೇಲೆ

ಬಿಚ್ಚುವ ಕೆಲಸ ಬೇಜಾರಿನದು ಅನ್ನುವವರು ಬಹಳ. ನನಗಂತೂ ಇದೇ ಇಷ್ಟ. ದಿನವಿಡೀ ದಣಿದ ತಲೆಗೆ ಸಂಜೆ ಹೊತ್ತು ಇಷ್ಟು ಒಳ್ಳೆಯ ಕೆಲಸ ಇನ್ನೊಂದಿಲ್ಲ. ಜೊತೆಗೆ, ಒಂದು ಅಂಗಿ ಬಿಚ್ಚಿದರೆ ಅದನ್ನು ಹೇಗೆ ಹೊಲಿದಿದ್ದಾರೆ ಅನ್ನುವುದು ಹಿಂದುಮುಂದಾಗಿ ಗೊತ್ತಾಗುತ್ತದೆ. ಯಾವ ತರಗತಿಯೂ ಅಷ್ಟು ಸಲೀಸಾಗಿ ಕಲಿಸುವುದಿಲ್ಲ.

ಸಾಮಾನ್ಯ ಮಷಿನ್ ಹೊಲಿಗೆಯಲ್ಲಿ ಎರಡು ದಾರ ಇರುತ್ತದೆ. ಒಂದು ಸೂಜಿಯಿಂದ ಬಂದದ್ದು, ಇನ್ನೊಂದು ಬಾಬಿನ್‌ನಿಂದ. ಎರಡೂ ಬಟ್ಟೆಯ ನಡುವೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಇದನ್ನು ಬಿಚ್ಚಲು ಒಂದು ಮಗ್ಗುಲಲ್ಲಿ ಪ್ರತಿ ಮೂರು ನಾಲ್ಕು ಹೊಲಿಗೆಗೆ ಒಂದನ್ನು ಕತ್ತರಿಸುತ್ತಾ ಹೋಗಿ. ಒಂದಷ್ಟು ಉದ್ದ ಆದಮೇಲೆ ಬಟ್ಟೆ ತಿರುವಿ, ಇನ್ನೊಂದು ಮಗ್ಗುಲಿನ ದಾರ ಎಳೆದರೆ ಇಡಿಯಾಗಿ ಕೈಗೆ ಬರುತ್ತದೆ. ಎರಡು ತುಂಡು ಬಟ್ಟೆ ಹಿಡಿದು ಜಗ್ಗಿ ಬಿಚ್ಚಬೇಡಿ, ಹಳೆ ಬಟ್ಟೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ.

ಒಳಮಗ್ಗುಲಲ್ಲಿ ಸರಪಳಿಯಂತೆ ಕೊಂಡಿ ಕೊಂಡಿ ಕಂಡರೆ ಅದು ಚೈನ್ ಹೊಲಿಗೆ. ಜೀನ್ಸ್‌ನಲ್ಲಿ ಇದು ಸಾಮಾನ್ಯ. ಹೊಲಿಗೆ ಮುಗಿದ ತುದಿ ಹುಡುಕಿ ಕೊಂಡಿ ದಾರ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಎಳೆದಾಗ ಬಿಗಿಯಾದರೆ ನೀವು ಶುರುವಿನ ತುದಿಯಲ್ಲಿದ್ದೀರಿ, ಆಚೆ ತುದಿಗೆ ಹೋಗಿ. ಗುಂಡಿಗಳನ್ನು ತೆಗೆದರೆ ಒಂದು ಅಂಗಿಯವನ್ನು ಒಂದೇ ದಾರಕ್ಕೆ ಪೋಣಿಸಿ ಗಂಟು ಹಾಕಿಡಿ. ಡಬ್ಬಿಗೆ ಸುಮ್ನೆ ಸುರಿದರೆ ಬೇಕಾದಾಗ ಒಂದೇ ತರದ ಐದು ಗುಂಡಿ ಸಿಗುವುದಿಲ್ಲ.

ಕೈ ಪಳಗಿಸಲು: ಕಾಲರ್ ತಿರುಗಿಸುವುದು

ಸವೆದ ಕಾಲರ್ ಬಹುತೇಕ ಒಂದೇ ಕಡೆ, ಮಡಿಕೆಯ ಮೇಲ್ಭಾಗದಲ್ಲಿ ಸವೆದಿರುತ್ತದೆ. ಅಡಿಭಾಗ ಹೊಸದರಂತೆ ಇರುತ್ತದೆ. ಕಾಲರಿನ ಮಧ್ಯಕ್ಕೂ ಅದು ಕೂತಿರುವ ಕತ್ತಿನ ಪಟ್ಟಿಯ ಮಧ್ಯಕ್ಕೂ ಬಣ್ಣದ ದಾರದಲ್ಲಿ ಒಂದೊಂದು ಗುರುತು ಹಾಕಿ. ಎರಡೂ ಸೇರುವ ಹೊಲಿಗೆ ಮಾತ್ರ ಬಿಚ್ಚಿ, ಕಾಲರನ್ನು ಹೊರತೆಗೆದು, ತಿರುವಿ, ಪಟ್ಟಿಯ ಎರಡು ಪದರದ ನಡುವೆ ಮತ್ತೆ ತೂರಿಸಿ. ಗುರುತಿಗೆ ಗುರುತು ಕೂಡಿಸಿ, ಮಧ್ಯದಿಂದ ಎರಡೂ ಕಡೆಗೆ ಪಿನ್ನು ಹಾಕುತ್ತಾ ಹೋಗಿ, ಹಳೆ ಹೊಲಿಗೆಯ ಗೆರೆಯ ಮೇಲೇ ಹೊಲಿಯಿರಿ. ಆಯಿತು, ಅಂಗಿಗೆ ಇನ್ನೊಂದಷ್ಟು ವರ್ಷ. ಕಾಲರ್ ಅಡಿಯಲ್ಲಿ ಪ್ಲಾಸ್ಟಿಕ್ ಕಡ್ಡಿ ತೂರಿಸುವ ಸಣ್ಣ ಜೇಬುಗಳಿದ್ದರೆ ಅಥವಾ ಅಡಿಗೆ ಬೇರೆ ಬಣ್ಣದ ಬಟ್ಟೆ ಇದ್ದರೆ ಅದು ಮೇಲೆ ಕಾಣುತ್ತದೆ ಅನ್ನುವುದು ನೆನಪಿರಲಿ.

ಅಂಗಿಯಿಂದ ದಿಂಬಿನ ಕವರ್

ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ದಿಂಬಿನ ಕವರ್‌ಗೆ ತೆರೆಯಲು ಮುಚ್ಚಲು ಒಂದು ಬಾಯಿ ಬೇಕು. ಅಂಗಿಗೆ ಅದು ಮೊದಲೇ ಇದೆ.

1. 40 ಸೆಂ.ಮೀ. ಚೌಕದ ಸೋಫಾ ದಿಂಬಿಗೆ 42 ಸೆಂ.ಮೀ. ಚೌಕ ಬೇಕು, ಪ್ರತಿ ಬದಿಗೆ 1 ಸೆಂ.ಮೀ. ಹೊಲಿಗೆಗೆ. ಕವರ್ ಉಬ್ಬಿ ಬಿಗಿಯಾಗಿ ಕಾಣಬೇಕಾದರೆ ಇನ್ನೂ 1 ಸೆಂ.ಮೀ. ಕಡಿಮೆ ಮಾಡಬಹುದು. ಅಂಗಿ ಚಿಕ್ಕದಿದ್ದರೆ ಚಿಕ್ಕ ದಿಂಬು ಆರಿಸಿ, ಎಳೆದು ಹೊಂದಿಸಬೇಡಿ.

2. ಅಂಗಿಯ ಎಲ್ಲ ಗುಂಡಿ ಹಾಕಿ, ಇಸ್ತ್ರಿ ಮಾಡಿ, ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ. ಮುಂಭಾಗ ಹಿಂಭಾಗ ಎರಡನ್ನೂ ಒಟ್ಟಿಗೆ ಕತ್ತರಿಸುತ್ತೇವೆ, ಹಾಗಾಗಿ ಅಡಿಯಲ್ಲಿ ಸುಕ್ಕಿರಬಾರದು. ಬೆನ್ನಿನಲ್ಲಿ ನೆರಿಗೆಯಿದ್ದರೆ ಅದನ್ನು ಒಳಗಿಂದ ಪಿನ್ನು ಹಾಕಿ ಮಲಗಿಸಿ.

3. ಕಾಗದದಲ್ಲಿ 42 ಸೆಂ.ಮೀ. ಚೌಕ ಕತ್ತರಿಸಿ ಅಂಗಿಯ ಮೇಲಿಡಿ. ಗುಂಡಿ ಪಟ್ಟಿ ನಡುವೆಯೇ ಬರಬೇಕೆಂದಿಲ್ಲ. ಒಂದು ಬದಿಗೆ ಸರಿಸಿದರೆ ನೋಡಲು ಇನ್ನೂ ಚೆಂದ. ಜೇಬು ಚೌಕದೊಳಗೆ ಪೂರ್ತಿ ಬರಲಿ, ಇಲ್ಲವೇ ಪೂರ್ತಿ ಹೊರಗಿರಲಿ.

4. ಈಗ ಮುಖ್ಯವಾದದ್ದು. ಚೌಕದ ಮೇಲಿನ ಗೆರೆ ಮತ್ತು ಕೆಳಗಿನ ಗೆರೆ ಗುಂಡಿಯ ಮೇಲೆ ಬರಬಾರದು, ಎರಡು ಗುಂಡಿಗಳ ನಡುವೆ ಬರಬೇಕು. ಗುಂಡಿಗೂ ಹೊಲಿಗೆಗೂ ಮಧ್ಯೆ 2 ಸೆಂ.ಮೀ. ಆದರೂ ಬಿಡಿ. ಇಲ್ಲದಿದ್ದರೆ ಮಷಿನ್ ಪಾದ ಗುಂಡಿಗೆ ತಾಗಿ ಹೊಲಿಗೆ ಸೊಟ್ಟಗಾಗುತ್ತದೆ, ಸೂಜಿ ಗುಂಡಿಗೆ ಬಿದ್ದರೆ ಮುರಿಯುತ್ತದೆ.

5. ಗೆರೆ ಎಳೆದು, ಎರಡೂ ಪದರಕ್ಕೆ ಪಿನ್ನು ಹಾಕಿ, ಕತ್ತರಿಸಿ. ಕತ್ತರಿಸಿದ ಗುಂಡಿ ಪಟ್ಟಿಯ ಎರಡು ತುದಿ ಜಾರದ ಹಾಗೆ ಅಲ್ಲಿ ನಾಲ್ಕು ಹೊಲಿಗೆ ಹಾಕಿಬಿಡಿ.

6. ಮುಂಭಾಗ ಹಿಂಭಾಗ ಬೇರೆ ಮಾಡಿ, ಹೊರಮಗ್ಗುಲು ಎರಡೂ ಒಳಗೆ ಎದುರುಬದುರು ಬರುವಂತೆ ಜೋಡಿಸಿ. ನಡುವಿನ ಎರಡು ಗುಂಡಿ ಈಗಲೇ ಬಿಚ್ಚಿಡಿ. ಮರೆತರೆ ನಾಲ್ಕೂ ಬದಿ ಹೊಲಿದ ಮೇಲೆ ಒಳಗಿರುವ ಗುಂಡಿಯನ್ನು ಬಟ್ಟೆಯ ಹಿಂದಿನಿಂದ ತಡಕಾಡಿ ಬಿಚ್ಚಬೇಕಾಗುತ್ತದೆ.

7. ಅಂಚಿನಿಂದ 1 ಸೆಂ.ಮೀ. ಒಳಗೆ, 2.5 ಮಿ.ಮೀ. ಹೊಲಿಗೆ ಉದ್ದದಲ್ಲಿ ನಾಲ್ಕೂ ಬದಿ ಹೊಲಿಯಿರಿ. ಮೂಲೆಗೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿ, ಪಾದ ಎತ್ತಿ, ಬಟ್ಟೆ ತಿರುಗಿಸಿ. ಗುಂಡಿ ಪಟ್ಟಿ ದಾಟುವಾಗ ಮೋಟಾರ್ ಬಿಟ್ಟು ಕೈಚಕ್ರ ತಿರುಗಿಸಿ ನಿಧಾನ ಹೋಗಿ. ಅಲ್ಲಿ ಎರಡನೇ ಸಲ ಹೊಲಿಯಿರಿ, ದಿಂಬು ತುರುಕುವಾಗ ಎಲ್ಲ ಒತ್ತಡ ಬೀಳುವುದು ಅಲ್ಲೇ.

8. ಮೂಲೆಗಳನ್ನು ಹೊಲಿಗೆಯಿಂದ 3 ಮಿ.ಮೀ. ಬಿಟ್ಟು ಓರೆಯಾಗಿ ಕತ್ತರಿಸಿ. ಅಂಚಿನ ಎಳೆ ಬಿಡದಂತೆ ಜಿಗ್‌ಜಾಗ್ ಹೊಲಿಗೆ ಹಾಕಿ. ಗುಂಡಿ ಬಾಯಿಯಿಂದ ಹೊರಮಗ್ಗುಲು ತಿರುವಿ, ಮೂಲೆಗಳನ್ನು ಮೊಂಡಾದ ಕಡ್ಡಿಯಿಂದ ಒಳಗಿನಿಂದ ದೂಡಿ, ಇಸ್ತ್ರಿ ಮಾಡಿ.

ಉಳಿದ ತೋಳು, ಕಫ್, ಕಾಲರ್ ಬಿಸಾಡಬೇಡಿ. ಕಫ್ ಅಂದರೆ ಗುಂಡಿ ಕಾಜಾ ಎರಡೂ ಇರುವ ತಯಾರಾದ ಪಟ್ಟಿ. ಇಯರ್‌ಫೋನ್ ವೈರು ಸುತ್ತಿ ಕಟ್ಟಲು ಅದಕ್ಕಿಂತ ಚೆನ್ನಾದದ್ದು ಇನ್ನೇನು ಬೇಕು?

ಜೀನ್ಸ್‌ನ ಸೊಂಟಪಟ್ಟಿ

ಜೀನ್ಸ್ ಸಾಯುವುದು ಮೊಣಕಾಲಿನಲ್ಲಿ ಮತ್ತು ತೊಡೆಯ ಸಂದಿಯಲ್ಲಿ. ಮೊಣಕಾಲಿನಿಂದ ಕೆಳಗಿನ ಭಾಗ, ಹಿಂಜೇಬು, ಸೊಂಟಪಟ್ಟಿ ಎಲ್ಲ ಚೆನ್ನಾಗಿರುತ್ತವೆ. ಅದರಿಂದ ಹೆಗಲಿಗೆ ಹಾಕುವ ಚಿಕ್ಕ ಚೀಲ ಮಾಡಬಹುದು.

ಕೆಳಗಿನ ಅಂಚಿನಿಂದ 35 ಸೆಂ.ಮೀ. ಮೇಲೆ ಅಳೆದು ಕಾಲನ್ನು ಅಡ್ಡ ಕತ್ತರಿಸಿ. ಸಿಕ್ಕಿದ್ದು ಎರಡೂ ಕಡೆ ತೆರೆದ ಕೊಳವೆ. ಜೀನ್ಸ್‌ನ ಮಡಿಸಿದ ಅಂಚೇ ಚೀಲದ ಬಾಯಿ, ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ಒಳಮಗ್ಗುಲು ತಿರುವಿ, ಕತ್ತರಿಸಿದ ತುದಿಯನ್ನು 1.5 ಸೆಂ.ಮೀ. ಒಳಗೆ ಎರಡು ಸಾಲು ಹೊಲಿದು ಮುಚ್ಚಿ. ಇಲ್ಲಿ ಹೊಲಿಗೆ ಉದ್ದ 3ರಿಂದ 3.5 ಮಿ.ಮೀ. ಇರಲಿ. ಚೀಲಕ್ಕೆ ತಳ ಬೇಕಾದರೆ ಕೆಳಗಿನ ಪ್ರತಿ ಮೂಲೆಯಲ್ಲಿ ಬದಿಯ ಹೊಲಿಗೆಯನ್ನು ತಳದ ಹೊಲಿಗೆಯ ಮೇಲೆ ತಂದು ಮಲಗಿಸಿ. ಮೂಲೆ ತ್ರಿಕೋನವಾಗುತ್ತದೆ. ತ್ರಿಕೋನ 6 ಸೆಂ.ಮೀ. ಅಗಲ ಇರುವಲ್ಲಿ ಅಡ್ಡ ಹೊಲಿಯಿರಿ. ತಳ 6 ಸೆಂ.ಮೀ. ಅಗಲ ಆಗುತ್ತದೆ.

ಇನ್ನು ಹೆಗಲಪಟ್ಟಿ. ಜೀನ್ಸ್ ಬಟ್ಟೆಯ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಯಲು ಹೋದರೆ ಮನೆಯ ಮಷಿನ್ ಏದುಸಿರು ಬಿಡುತ್ತದೆ. ಸೊಂಟಪಟ್ಟಿ ಇರುವಾಗ ಆ ಕಷ್ಟ ಯಾಕೆ? ಅದು ಎರಡು ಪದರ ಮಾಡಿ, ಅಂಚು ಒಳಮಡಿಸಿ, ಹೊಲಿದು ಸಿದ್ಧವಾಗಿದೆ. ಮೊದಲು ಬೆಲ್ಟ್ ತೂರಿಸುವ ಲೂಪುಗಳನ್ನು ತೆಗೆಯಿರಿ. ಲೂಪಿನ ತುದಿಯಲ್ಲಿ ಒತ್ತೊತ್ತಾಗಿ ಹಾಕಿದ ಹೊಲಿಗೆ ಇರುತ್ತದೆ, ಅದನ್ನು ಮೇಲಿನಿಂದ ಕೆರೆಯಬೇಡಿ. ಲೂಪಿನ ಅಡಿಗೆ ರಿಪ್ಪರ್ ತೂರಿಸಿ, ಲೂಪಿಗೂ ಪಟ್ಟಿಗೂ ನಡುವೆ ಕತ್ತರಿಸಿ. ಆಮೇಲೆ ಪಟ್ಟಿಯ ಕೆಳ ಹೊಲಿಗೆ ಬಿಚ್ಚಿ ಪ್ಯಾಂಟಿನಿಂದ ಬೇರೆ ಮಾಡಿ. ಪಟ್ಟಿಯ ಕೆಳಬಾಯಿ ಈಗ ತೆರೆದಿದೆ. ಒಳಮಡಿಕೆಗಳು ಇಸ್ತ್ರಿ ಮಾಡಿದ ಹಾಗೆ ನಿಂತಿರುತ್ತವೆ, ಅವನ್ನು ಜೋಡಿಸಿ ಅಂಚಿನಿಂದ 3 ಮಿ.ಮೀ. ಒಳಗೆ ಒಂದು ಉದ್ದ ಹೊಲಿಗೆ ಹಾಕಿದರೆ ಮುಗಿಯಿತು. ಲೂಪು ಇದ್ದ ಕಡೆ ಮಾಸದ ಗಾಢ ನೀಲಿ ಗುರುತುಗಳು ಉಳಿದಿರುತ್ತವೆ. ಪಟ್ಟಿಯಲ್ಲಿ ನನಗೆ ಬಹಳ ಇಷ್ಟವಾಗುವುದು ಅವೇ.

ಪಟ್ಟಿಯ ಎರಡು ತುದಿಗಳನ್ನು ಚೀಲದ ಬದಿಗಳಿಗೆ, ಬಾಯಿಯಿಂದ 4 ಸೆಂ.ಮೀ. ಕೆಳಗೆ ಒಳಭಾಗದಲ್ಲಿಟ್ಟು ಚೌಕವಾಗಿ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎರಡು ಹೊಲಿಯಿರಿ. ಲೋಹದ ಗುಂಡಿಯನ್ನು ಹೊಲಿಗೆಯ ದಾರಿಯಿಂದ ದೂರ ಇಡಿ. ದಪ್ಪ ಸೀಮ್ ಬರುವ ಕಡೆ ಮೊದಲೇ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಚಪ್ಪಟೆ ಮಾಡಿ. ಪಾದ ಸೀಮ್ ಹತ್ತುವಾಗ ಹಿಂದಕ್ಕೆ ವಾಲಿದರೆ ಹೊಲಿಗೆ ತಪ್ಪುತ್ತದೆ. ಅಷ್ಟೇ ದಪ್ಪದ ಜೀನ್ಸ್ ಚೂರನ್ನು ಮಡಿಸಿ ಪಾದದ ಹಿಂಭಾಗದ ಅಡಿಗೆ ಇಟ್ಟರೆ ಪಾದ ಸಮವಾಗುತ್ತದೆ.

ಟಿ-ಶರ್ಟ್

ಇದಕ್ಕೆ ಹೊಲಿಗೆಯೇ ಬೇಡ. ಕಂಕುಳಿನ ಕೆಳಗಿನ ಭಾಗವನ್ನು ಅಡ್ಡಡ್ಡ 2.5 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ ಎಳೆದರೆ ಅಂಚುಗಳು ಸುರುಳಿ ಸುತ್ತಿಕೊಂಡು ದಪ್ಪ ಹಗ್ಗದ ಹಾಗೆ ಆಗುತ್ತವೆ. ಜಡೆ ಹೆಣೆದು ಕಾಲೊರಸು ಮಾಡಿ, ಕ್ರೋಶಾ ಬರುವವರು ಬುಟ್ಟಿ ಹೆಣೆಯಿರಿ. ಹತ್ತಿಯದ್ದಾದರೆ ಒಳ್ಳೆಯದು. ದೊಡ್ಡ ಪ್ರಿಂಟ್ ಇರುವ ಕಡೆ ಸುರುಳಿ ಸರಿಯಾಗಿ ಬರುವುದಿಲ್ಲ.

ತೇಪೆ ಕಾಣಲಿ ಬಿಡಿ

ಹರಿದದ್ದನ್ನು ಮುಚ್ಚಿಡುವ ಬದಲು ಎದ್ದು ಕಾಣುವಂತೆ ಹೊಲಿಯುವ ಪದ್ಧತಿ ಹಲವು ಕಡೆ ಇದೆ. ಜಪಾನಿನ ಸಾಶಿಕೊ ಕಸೂತಿ ಗಾಢ ನೀಲಿ ಬಟ್ಟೆಗೆ ಬಿಳಿ ದಾರದ ಸಾದಾ ಓಡುಹೊಲಿಗೆಯೇ (ಸೂಜಿಯನ್ನು ಮೇಲೆ ಕೆಳಗೆ ತೂರಿಸುತ್ತಾ ಮುಂದೆ ಹೋಗುವುದು). ಬಟ್ಟೆ ಗಟ್ಟಿ ಮಾಡಲು, ಬೆಚ್ಚಗಿಡಲು ಶುರುವಾದದ್ದು, ಆಮೇಲೆ ಅಲಂಕಾರವಾಯಿತು. ನಮಗೆ ಬೇಕಿರುವುದು ಅದರ ತಂತ್ರ ಮಾತ್ರ. ತೂತಿಗಿಂತ ಸುತ್ತಲೂ 3 ಸೆಂ.ಮೀ. ದೊಡ್ಡದಾದ ತುಂಡನ್ನು ಒಳಗಿನಿಂದ ಇಟ್ಟು, ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿ. ಸೀಮೆಸುಣ್ಣದಲ್ಲಿ 5 ಮಿ.ಮೀ. ಅಂತರದ ಗೆರೆ ಎಳೆದು, ಗೆರೆಗಳ ಮೇಲೆ ಓಡುಹೊಲಿಗೆ ಹಾಕುತ್ತಾ ಹೋಗಿ. ಹೊಲಿಗೆಗಳು ಸೋತ ಬಟ್ಟೆ ದಾಟಿ ಗಟ್ಟಿ ಬಟ್ಟೆಯವರೆಗೂ ಹೋಗಬೇಕು, ಇಲ್ಲದಿದ್ದರೆ ತೇಪೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಸಾಲು ಮುಗಿದು ತಿರುಗುವಾಗ ಹಿಂಭಾಗದಲ್ಲಿ ದಾರವನ್ನು ಸ್ವಲ್ಪ ಸಡಿಲ ಬಿಡಿ. ಬಿಗಿ ಎಳೆದರೆ ಮೊಣಕಾಲು ಮಡಿಸಿದಾಗ ಬಟ್ಟೆ ಮುದುಡುತ್ತದೆ.

ಬಣ್ಣ ಕೂಡಿಸುವಾಗ

ಬೇರೆ ಬೇರೆ ಬಟ್ಟೆಯ ತುಂಡು ಸೇರಿಸುವಾಗ ಯಾವ ಬಣ್ಣಕ್ಕೆ ಯಾವುದು ಹೊಂದುತ್ತದೆ ಅನ್ನುವ ಗೊಂದಲ ಎಲ್ಲರಿಗೂ ಇದ್ದದ್ದೇ, ಅಲ್ವಾ? ತುಂಡುಗಳನ್ನು ನೆಲದ ಮೇಲೆ ಹರಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಬಣ್ಣ ಹೋದ ಮೇಲೆ ಯಾವುದು ಗಾಢ, ಯಾವುದು ತಿಳಿ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ. ಎಲ್ಲವೂ ಒಂದೇ ಬೂದು ಕಂಡರೆ ಒಂದು ತಿಳಿ ತುಂಡು ಸೇರಿಸಿ. ಬಣ್ಣ ಹೊಂದುತ್ತಿಲ್ಲ ಅನ್ನಿಸುವ ಎಷ್ಟೋ ಕಡೆ ಬಣ್ಣದ್ದಲ್ಲ ತಪ್ಪು, ಗಾಢ ತಿಳಿಗಳ ಅಂತರದ್ದು. ದಪ್ಪ ಬಟ್ಟೆಗೆ ತೀರಾ ತೆಳು ಬಟ್ಟೆ ಕೂಡಿಸಬೇಡಿ, ಒಗೆದಾಗ ತೆಳುವಾದದ್ದು ಸೋಲುತ್ತದೆ.

ಗಾಢ ನೀಲಿ ಜೀನ್ಸ್ ಜೊತೆ ತಿಳಿ ಬಟ್ಟೆ ಸೇರಿಸುವ ಮುಂಚೆ ಒದ್ದೆ ಬಿಳಿ ಬಟ್ಟೆಯಿಂದ ಜೀನ್ಸನ್ನು ಚೆನ್ನಾಗಿ ಉಜ್ಜಿ. ಬಿಳಿ ಬಟ್ಟೆಗೆ ನೀಲಿ ಹತ್ತಿದರೆ ಇನ್ನೆರಡು ಸಲ ಒಗೆದು ಮತ್ತೆ ಉಜ್ಜಿ ನೋಡಿ. ಕೊನೆಗೆ ಉಳಿಯುವ ಚೂರುಗಳನ್ನು ದಿಂಬಿಗೆ ತುಂಬುವುದಾದರೆ ಬೆರಳಗಲಕ್ಕಿಂತ ದೊಡ್ಡದಿರದಂತೆ ಕತ್ತರಿಸಿ, ಜಿಪ್ಪು ಗುಂಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು ತುಂಬಿ. ಹತ್ತಿ ಚೂರು ತುಂಬಿದ ದಿಂಬು ಭಾರ ಜಾಸ್ತಿ. ತಲೆಗೆ ಬೇಡ, ಬಾಗಿಲು ಬಡಿಯದಂತೆ ಅಡ್ಡ ಇಡಲು ಹೇಳಿ ಮಾಡಿಸಿದ್ದು.